ಮೀನಿನ ತೊಟ್ಟಿಯ ದೀಪ, ಕೊನೆಯ ಸ್ಲ್ಯಾಬಿನ ದರ

ನಾಗಪುರದ ಹತ್ತಿರದ ಕನ್ಹಾನ್‌ನಲ್ಲಿ ಕರೆಂಟು ತುಟ್ಟಿ ಎಂದರೆ ಊರಿನ ಹೊಸಬರು ನಂಬುವುದಿಲ್ಲ. ಸುತ್ತ ಕಲ್ಲಿದ್ದಲ ಗಣಿ, ಹತ್ತಿರದಲ್ಲೇ ಖಾಪರಖೇಡಾ ಮತ್ತು ಕೊರಾಡಿಯ ಉಷ್ಣ ಸ್ಥಾವರಗಳು. ಆದರೆ ಮಹಾರಾಷ್ಟ್ರದ ವಿದ್ಯುತ್ ಕಂಪನಿ ಮಹಾವಿತರಣದ ಬಿಲ್ಲು ಊರು ನೋಡಿ ಬರುವುದಿಲ್ಲ, ಸ್ಲ್ಯಾಬು ನೋಡಿ ಬರುತ್ತದೆ. ಮೊದಲ 100 ಯೂನಿಟ್‌ಗೆ ಒಂದು ದರ, 101ರಿಂದ 300ರವರೆಗೆ ಸುಮಾರು ಅದರ ದುಪ್ಪಟ್ಟು. ಅದರ ಮೇಲೆ ವ್ಹೀಲಿಂಗ್ ಚಾರ್ಜು, ವಿದ್ಯುತ್ ಶುಲ್ಕ.

ನಮ್ಮ ಹಾಲ್‌ನಲ್ಲಿ ಗಿಡ ನೆಟ್ಟ ನಾಲ್ಕಡಿಯ ಮೀನಿನ ತೊಟ್ಟಿಯಿದೆ. ಅದರ ದೀಪದ ಖರ್ಚು ಕೇಳಿದರೆ ಹೆಚ್ಚಿನವರು ಬಿಲ್ಲಿನ ಮೊತ್ತವನ್ನು ಯೂನಿಟ್‌ಗಳಿಂದ ಭಾಗಿಸಿ ಸರಾಸರಿ ದರ ಹಿಡಿಯುತ್ತಾರೆ. ನಾನು ಹಾಗೆ ಮಾಡುವುದಿಲ್ಲ. ಫ್ರಿಜ್ಜು, ಫ್ಯಾನು, ಮಿಕ್ಸಿ ಹೇಗೂ ಬೇಕು; ತೊಟ್ಟಿ ಶೋಕಿ. ತೆಗೆದರೆ ಉಳಿಯುವುದು ಮೇಲಿನ ಸ್ಲ್ಯಾಬಿನ ಯೂನಿಟ್‌ಗಳೇ, ಹಾಗಾಗಿ ಅದಕ್ಕೆ ತಗಲುವುದೂ ಆ ದರವೇ. ಎಲ್ಲ ಸೇರಿಸಿ ಯೂನಿಟ್‌ಗೆ 12 ರೂಪಾಯಿ ಹಿಡಿದಿದ್ದೇನೆ.

36 ವ್ಯಾಟಿನ ಎರಡು ಟಿ8 ಟ್ಯೂಬು ಎಂದರೆ 72 ವ್ಯಾಟ್ ಅಲ್ಲ. ತಾಮ್ರದ ಚೋಕುಗಳು ತಲಾ ಹತ್ತು ವ್ಯಾಟಿನಷ್ಟು ನುಂಗಿ ಒಟ್ಟು 92 ಆಗುತ್ತದೆ. ದಿನಕ್ಕೆ 8 ಗಂಟೆ ಉರಿದರೆ ವರ್ಷಕ್ಕೆ 269 ಯೂನಿಟ್, ಸುಮಾರು 3,200 ರೂಪಾಯಿ. ಬೆಳಕು ಹೆಚ್ಚು ಕೊಡುವ 54 ವ್ಯಾಟಿನ ಟಿ5 ಜೋಡಿ 4,000 ದಾಟುತ್ತದೆ. ಮೆಟಲ್ ಹ್ಯಾಲೈಡಿನ ಮಾತು ಬೇಡ, ಅದು ದೀಪಕ್ಕಿಂತ ಒಲೆ. 40 ವ್ಯಾಟಿನ ಎಲ್‌ಇಡಿ ಪಟ್ಟಿಗೆ 117 ಯೂನಿಟ್, 1,400 ರೂಪಾಯಿ.

ಅಂಗಡಿಯವನು, "ಕಾಕಾ, ಐದು ಸಾವಿರದ ಪಟ್ಟಿ ಯಾಕೆ? ಟ್ಯೂಬು ಸಾಕಲ್ಲ" ಎಂದಿದ್ದ. ಕರೆಂಟಿನಲ್ಲೇ ವರ್ಷಕ್ಕೆ 1,800 ಉಳಿತಾಯ. ಜೊತೆಗೆ ಗಿಡದ ಟ್ಯೂಬು ನೋಡಲು ಉರಿಯುತ್ತಲೇ ಇದ್ದರೂ ವರ್ಷದೊಳಗೆ ಬೆಳಕಿನ ಕಸುವು ಕಳೆದುಕೊಳ್ಳುತ್ತದೆ. ಜೋಡಿ ಬದಲಿಸಲು ಇನ್ನೊಂದು 800. ಎರಡು ವರ್ಷದಲ್ಲಿ ಪಟ್ಟಿಯ ದುಡ್ಡು ವಾಪಸು. ಡಬ್ಬಿಯ ಮೇಲಿನ 50,000 ಗಂಟೆಯನ್ನು ಮಾತ್ರ ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ದಿನಕ್ಕೆ 8 ಗಂಟೆಯಂತೆ ಅದು 17 ವರ್ಷ! ಎಲ್‌ಇಡಿ ಚಿಪ್ ಬಾಳೀತು, ಅದಕ್ಕೆ ಕರೆಂಟು ಕೊಡುವ ಡ್ರೈವರು ಅಷ್ಟು ಬಾಳುವುದಿಲ್ಲ. ಡ್ರೈವರು ಬೇರೆಯಾಗಿ ಸಿಗುವ ಪಟ್ಟಿಗೆ ಐನೂರು ಹೆಚ್ಚು ಕೊಟ್ಟರೂ ಲಾಭವೇ.

ದೀಪಕ್ಕಿಂತ ಬೇಗ ದುಡಿಯುವುದು ಟೈಮರು. ಮನೆಯವರು ಮಲಗುವವರೆಗೆ ಉರಿಯುವ ದೀಪ ಸುಲಭವಾಗಿ 10 ಗಂಟೆ ಮುಟ್ಟುತ್ತದೆ. ಗಿಡಕ್ಕೆ 7 ಸಾಕು, ಮಿಕ್ಕಿದ್ದು ಪಾಚಿಗೆ ಊಟ. ಆ ಮೂರು ಗಂಟೆ ಕತ್ತರಿಸಿದರೆ ಟ್ಯೂಬಿನಲ್ಲಿ ವರ್ಷಕ್ಕೆ 1,200, ಎಲ್‌ಇಡಿಯಲ್ಲೂ 500 ಉಳಿಯುತ್ತದೆ. ನಾನೂರು ರೂಪಾಯಿಯ ಟೈಮರಿಗೆ ವರ್ಷವೂ ಬೇಡ. ಮೇ ತಿಂಗಳಲ್ಲಿ ಹೊರಗೆ 45 ಡಿಗ್ರಿ ಇರುವಾಗ ನಮ್ಮದು ಸಂಜೆ ಐದಕ್ಕೆ ಹೊತ್ತಿ ಮಧ್ಯರಾತ್ರಿ ಆರುತ್ತದೆ. ಬಿಸಿಲ ಹೊತ್ತಿನಲ್ಲಿ ದೀಪದ ಕಾವೂ ನೀರಿಗೆ ಸೇರಿದರೆ, ಅದನ್ನು ತಣಿಸಲು ತೊಟ್ಟಿಯ ಅಂಚಿಗೆ ಸಿಕ್ಕಿಸಿದ ಪುಟ್ಟ ಫ್ಯಾನು ಇಡೀ ದಿನ ತಿರುಗಬೇಕು, ಆವಿಯಾದ ನೀರನ್ನು ದಿನಾ ತುಂಬಬೇಕು.

ಕರ್ನಾಟಕದಲ್ಲಿರುವ ನೆಂಟರ ಲೆಕ್ಕ ಬೇರೆಯೇ. 2023ರ ಜುಲೈಯಿಂದ ಅಲ್ಲಿ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ. ತಿಂಗಳಿಗೆ 200 ಯೂನಿಟ್ ದಾಟಿದರೆ ಇಡೀ ಬಿಲ್ಲು ಮೈಮೇಲೆ. 185 ಯೂನಿಟ್ ಬಳಸುವ ಮನೆಗೆ ಟ್ಯೂಬಿನ ತೊಟ್ಟಿ ಬಂದರೆ ತಿಂಗಳಿಗೆ 22 ಸೇರಿ 207. ಅದೇ ಎಲ್‌ಇಡಿಯಾದರೆ 195. ಉಚಿತದ ಲೆಕ್ಕ ಹಳೆಯ ಸರಾಸರಿಗೆ ಹತ್ತು ಪರ್ಸೆಂಟ್ ಸೇರಿಸಿದಷ್ಟಕ್ಕೇ ಆದ್ದರಿಂದ, ಆ ಸರಾಸರಿ ಕಡಿಮೆಯಿದ್ದರೆ ಕೆಲವು ಯೂನಿಟ್‌ಗೆ ದುಡ್ಡು ಕಟ್ಟಬೇಕಾದೀತು, ಪೂರ್ತಿ ಬಿಲ್ಲಂತೂ ಬಾರದು. ಮೋಟರು, ಹೀಟರು ಸೇರಿಸಿ ನೋಡದೆ ತೊಟ್ಟಿ ತರಬೇಡಿ ಎಂದು ಧಾರವಾಡದ ಅಕ್ಕನಿಗೆ ಹೇಳಿದ್ದೇನೆ.

ಟ್ಯೂಬು ಬಿಡಲು ಇನ್ನೊಂದು ಕಾರಣ, ಅದರೊಳಗಿನ ಪಾದರಸ. ಪಾದರಸದ ಬಳಕೆ ತಗ್ಗಿಸುವ ಮಿನಮಾಟಾ ಒಪ್ಪಂದದ ದೇಶಗಳು 2023ರಲ್ಲಿ ಫ್ಲೋರೊಸೆಂಟ್ ಟ್ಯೂಬುಗಳ ತಯಾರಿಕೆಯನ್ನು 2027ರ ಹೊತ್ತಿಗೆ ನಿಲ್ಲಿಸಲು ಒಪ್ಪಿವೆ. ಹಳೇ ಚೋಕುಗಳನ್ನು ಗುಜರಿಯವನು ತಾಮ್ರದ ಆಸೆಗೆ ತೂಕಕ್ಕೆ ಕೊಂಡ. ಟ್ಯೂಬುಗಳನ್ನು ಒಯ್ಯಲು ಒಪ್ಪಲಿಲ್ಲ.