ಉಪ್ಪಿನ ಲೆಕ್ಕ: ರಕ್ತದೊತ್ತಡಕ್ಕೆ ಮೆಲ್ಲನೆಯ ಪಥ್ಯ

ತೋಟದ ಗೊಬ್ಬರಕ್ಕೆ, ಆಳಿನ ಕೂಲಿಗೆ, ಕೊಯ್ಲಿನ ಮೂಟೆಗೆ ನಾವು ಬೆಳೆಗಾರರು ಲೆಕ್ಕ ಇಡುತ್ತೇವೆ. ಅಡುಗೆಮನೆಯ ಉಪ್ಪಿಗೆ ಮಾತ್ರ ಲೆಕ್ಕವಿಲ್ಲ. ರಕ್ತದೊತ್ತಡ ಏರಿದವರ ಮನೆಯಲ್ಲಿ ಆ ಲೆಕ್ಕವೂ ಅಷ್ಟೇ ಅಗತ್ಯ.

ರೋಗದ ಸ್ವರೂಪ

ಹರಿಯುವ ರಕ್ತವು ನಾಳಗಳ ಗೋಡೆಯನ್ನು ಒತ್ತುವ ಬಲವೇ ರಕ್ತದೊತ್ತಡ. ಬೇರೆ ಬೇರೆ ದಿನ ಅಳೆದಾಗಲೂ ಅದು 140/90 ಅಥವಾ ಅದಕ್ಕಿಂತ ಮೇಲಿದ್ದರೆ ವೈದ್ಯರ ಸಲಹೆ ಬೇಕೇ ಬೇಕು. ಹೆಚ್ಚಿನವರಿಗೆ ಯಾವ ನೋವೂ ಕಾಣುವುದಿಲ್ಲ. ಹಾಗೆಂದು ಬಿಟ್ಟರೆ ವರ್ಷಗಳ ನಂತರ ಪಾರ್ಶ್ವವಾಯು, ಹೃದಯಾಘಾತ ಅಥವಾ ಮೂತ್ರಪಿಂಡದ ತೊಂದರೆಯಾಗಿ ಎದುರಾಗುತ್ತದೆ. ಎರಡು ಎಕರೆಯ ಹಿಡುವಳಿಯಲ್ಲಿ ದುಡಿಯುವ ಒಂದು ಕೈ ಸ್ವಾಧೀನ ತಪ್ಪಿದರೆ ಇಡೀ ಸಂಸಾರವೇ ಕುಸಿಯುತ್ತದೆ.

ಉಪ್ಪಿನಲ್ಲಿರುವ ಸೋಡಿಯಂ ದೇಹದಲ್ಲಿ ನೀರನ್ನು ಹಿಡಿದಿಡುತ್ತದೆ. ಪೈಪಿನಲ್ಲಿ ನೀರು ಹೆಚ್ಚಾದರೆ ಒತ್ತಡ ಏರುವಂತೆ ನಾಳಗಳಲ್ಲಿಯೂ ಆಗುತ್ತದೆ. ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇದು ಸುಮಾರು ಒಂದು ಟೀ ಚಮಚ.

ಮೆಲ್ಲಗೆ ಏಕೆ?

ತೋಟದ ನೆರಳನ್ನು ಒಮ್ಮೆಗೇ ಕಡಿದರೆ ಕಾಫಿ ಗಿಡ ಬಿಸಿಲಿಗೆ ಬಾಡುತ್ತದೆ. ನಾಲಿಗೆಯೂ ಹಾಗೆಯೇ. ಸಪ್ಪೆ ಊಟವನ್ನು ಒಂದೇ ದಿನ ಬಡಿಸಿದರೆ ಮೂರನೆಯ ದಿನ ಉಪ್ಪಿನ ಡಬ್ಬಿ ಊಟದ ಬಳಿಗೇ ಬರುತ್ತದೆ. ಸ್ವಲ್ಪ ಸ್ವಲ್ಪವೇ ತಗ್ಗಿಸಿದರೆ ಕೆಲವು ವಾರಗಳಲ್ಲಿ ನಾಲಿಗೆ ಹೊಂದಿಕೊಳ್ಳುತ್ತದೆ, ಹಿಂದಿನ ಅಡುಗೆಯೇ ಉಪ್ಪುಪ್ಪಾಗಿ ತೋರುತ್ತದೆ. ಬ್ರಿಟನ್ನಿನ ಅಂಗಡಿಗಳ ಬ್ರೆಡ್ಡಿನಲ್ಲಿ 2001ರಿಂದ 2011ರ ನಡುವೆ ಉಪ್ಪು ಸುಮಾರು ಶೇಕಡ 20ರಷ್ಟು ಇಳಿದದ್ದು ಹೀಗೆ ಹಂತಹಂತವಾಗಿಯೇ.

ಎರಡು ತಟ್ಟೆಗಳು

ಉಪ್ಪಿಲ್ಲದ ರೊಟ್ಟಿಗೆ ನಾವು ಬ್ರಿಟನ್ನಿಗೆ ಹೋಗಬೇಕಿಲ್ಲ. ಮಲಪ್ರಭಾ ತೀರದ ಐಹೊಳೆಯ ಹೆಸರು ವ್ಯಾಪಾರಸ್ಥರಿಗೆ ಹೊಸದಲ್ಲ. ಅಯ್ಯಾವೊಳೆಯ ಐನೂರ್ವರೆಂಬ ವರ್ತಕ ಸಂಘಕ್ಕೆ ಹೆಸರು ಕೊಟ್ಟ ಊರು ಅದು. ಆ ಬಾಗಲಕೋಟೆ ಸೀಮೆಯ ಜೋಳದ ರೊಟ್ಟಿಯನ್ನು ಸಾಮಾನ್ಯವಾಗಿ ಬಿಸಿನೀರಿನಲ್ಲಿ ನಾದಿ, ಉಪ್ಪಿಲ್ಲದೆಯೇ ತಟ್ಟುತ್ತಾರೆ. ಜೊತೆಗೆ ಕಾಳು ಪಲ್ಯ, ಹಸಿ ಮೆಂತ್ಯದ ಸೊಪ್ಪು, ಉಳ್ಳಾಗಡ್ಡಿ, ಮೊಸರು. ಒತ್ತಡ ಇಳಿಸಲು ಇದು ಒಳ್ಳೆಯ ತಳಹದಿ. ಆದರೆ ಅದೇ ತಟ್ಟೆಯ ಅಂಚಿನಲ್ಲಿ ಶೇಂಗಾ ಹಿಂಡಿ, ಕೆಂಪು ಖಾರ, ಉಪ್ಪಿನಕಾಯಿ ಇವೆ. ಉಪ್ಪು ಸೇರುವುದು ಅಲ್ಲಿಂದ.

ನಮ್ಮ ಮಲೆನಾಡಿನ ತಟ್ಟೆಯೂ ಇದೇ ಪಾಠ ಹೇಳುತ್ತದೆ. ಅನ್ನದಲ್ಲಿ ಉಪ್ಪಿಲ್ಲ. ಮಿಡಿ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಮಜ್ಜಿಗೆ ಮೆಣಸು, ಹಲಸಿನ ಉಪ್ಪುಸೊಳೆಗಳಲ್ಲಿದೆ. ಆದ್ದರಿಂದ ತಟ್ಟೆಯ ನಡುವಿನದನ್ನು ಉಳಿಸಿಕೊಂಡು ಅಂಚಿನದನ್ನು ಕಿರಿದುಗೊಳಿಸಬೇಕು.

ಹತ್ತು ವಾರದ ಕ್ರಮ

ಐದು ಮಂದಿ ವಯಸ್ಕರ ಮನೆಯಲ್ಲಿ ಒಂದು ಕಿಲೋ ಉಪ್ಪು ಇಪ್ಪತ್ತು ದಿನಕ್ಕೆ ಮುಗಿದರೆ ತಲೆಗೆ ದಿನಕ್ಕೆ 10 ಗ್ರಾಂ ಆಯಿತು. ಅದೇ ಕಿಲೋ ನಲವತ್ತು ದಿನ ಬಂದರೆ 5 ಗ್ರಾಂ. ಇದೇ ನಮ್ಮ ಗುರಿ.

1. ಉಪ್ಪನ್ನು ಕೈಯಂದಾಜಿನಲ್ಲಿ ಹಾಕದೆ ಟೀ ಚಮಚದಲ್ಲಿ ಅಳೆಯಿರಿ. ದಿನಕ್ಕೆ ಹತ್ತು ಚಮಚ ಆಗುತ್ತಿದ್ದರೆ ಒಂಬತ್ತು ಮಾಡಿ. ಎರಡೆರಡು ವಾರಕ್ಕೊಂದು ಚಮಚ ಇಳಿಸುತ್ತ ಐದಕ್ಕೆ ತನ್ನಿರಿ. ಇಡೀ ಮನೆಗೆ ಒಂದೇ ಅಡುಗೆಯಿರಲಿ.

2. ಉಪ್ಪಿನಕಾಯಿ ಎರಡು ಹೊತ್ತಿದ್ದದ್ದು ಒಂದು ಹೊತ್ತಾಗಲಿ, ಮುಂದೆ ವಾರಕ್ಕೆ ಎರಡು ದಿನವಾಗಲಿ. ಉಪ್ಪುಸೊಳೆಯನ್ನು ನೀರು ಬದಲಿಸುತ್ತ ನೆನೆಸಿ ಬಳಸಿರಿ.

3. ಹುಳಿ, ಶುಂಠಿ, ಕಾಳುಮೆಣಸು, ಬೆಳ್ಳುಳ್ಳಿ ಹೆಚ್ಚಲಿ. ಇವು ಉಪ್ಪಿನ ಕೊರತೆಯನ್ನು ಮರೆಸುತ್ತವೆ.

4. ಸೊಪ್ಪು, ತರಕಾರಿ, ಕಾಳು, ಬಾಳೆಹಣ್ಣು, ಕಡೆದ ಮಜ್ಜಿಗೆ ದಿನವೂ ಇರಲಿ. ಅಮೆರಿಕದಲ್ಲಿ 1997ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಉಪ್ಪನ್ನು ಮೊದಲಿನಷ್ಟೇ ಇಟ್ಟು ಹಣ್ಣು, ತರಕಾರಿ, ಕೊಬ್ಬು ತೆಗೆದ ಹಾಲಿನ ಪದಾರ್ಥ ಹೆಚ್ಚಿಸಿದಾಗ, ಒತ್ತಡವಿದ್ದವರಲ್ಲಿ ಮೇಲಿನ ಅಂಕಿ ಸರಾಸರಿ 11ರಷ್ಟು ಇಳಿಯಿತು.

ಕಾಫಿ ಮತ್ತು ಎಲೆಯಡಿಕೆ

ನಾವು ಬೆಳೆಯುವ ಬೆಳೆಗಳ ಮಾತನ್ನೂ ಮುಚ್ಚಿಡಬಾರದು. ಕಾಫಿ ಕುಡಿದ ಮೇಲೆ ಒತ್ತಡ ಕೆಲಹೊತ್ತು ಏರಬಹುದು. ರೂಢಿಯಿದ್ದವರಲ್ಲಿ ಈ ಏರಿಕೆ ಕಡಿಮೆ. ಒತ್ತಡ ಬಹಳ ಹೆಚ್ಚಿದ್ದವರು ವೈದ್ಯರನ್ನು ಕೇಳಿ ಮಿತಿ ಗೊತ್ತುಮಾಡಿಕೊಳ್ಳಲಿ. ಅಳೆಸುವ ಮುನ್ನ ಅರ್ಧ ಗಂಟೆ ಕಾಫಿ, ಎಲೆಯಡಿಕೆ, ಬೀಡಿ ಬೇಡ. ಐದು ನಿಮಿಷ ಸುಮ್ಮನೆ ಕುಳಿತಿರಬೇಕು. ಎಲೆಯಡಿಕೆಗೆ ಹೊಗೆಸೊಪ್ಪು ಸೇರಿಸುವುದು ಹೃದಯಕ್ಕೂ ನಾಳಕ್ಕೂ ಕೇಡು. ಜಗಿದ ಅಡಿಕೆ ಬಾಯಿಯ ಕ್ಯಾನ್ಸರಿಗೆ ಕಾರಣವೆಂಬುದೂ ಸಿದ್ಧವಾಗಿದೆ.

ಎಚ್ಚರಿಕೆ

ಪಥ್ಯ ಹಿಡಿದೆವೆಂದು ಮಾತ್ರೆಯನ್ನು ತಾವಾಗಿ ನಿಲ್ಲಿಸಕೂಡದು. ಒತ್ತಡ ಇಳಿದು ತಲೆ ಸುತ್ತು ಬಂದರೆ ಮಾತ್ರೆಯ ಪ್ರಮಾಣವನ್ನು ವೈದ್ಯರೇ ಬದಲಿಸಬೇಕು. ಮೂತ್ರಪಿಂಡದ ರೋಗವಿದ್ದವರು ಬಾಳೆಹಣ್ಣು, ಎಳನೀರು ಹೆಚ್ಚಿಸುವ ಮೊದಲೂ, ಪೊಟ್ಯಾಸಿಯಂ ಬೆರೆಸಿದ ಉಪ್ಪನ್ನು ಬಳಸುವ ಮೊದಲೂ ಕೇಳಿಕೊಳ್ಳಬೇಕು. ಕಲ್ಲುಪ್ಪು, ಸೈಂಧವ ಲವಣಗಳಲ್ಲಿಯೂ ಸೋಡಿಯಂ ಇದ್ದೇ ಇದೆ. ಅಯೋಡಿನ್ ಉಪ್ಪನ್ನೇ ಬಳಸಿರಿ, ಅಳತೆಯನ್ನು ಮಾತ್ರ ಇಳಿಸಿರಿ.

ಈ ತಿಂಗಳ ಕೆಲಸ

ಹೊಸ ಉಪ್ಪಿನ ಪೊಟ್ಟಣ ಒಡೆದ ದಿನ ಅದರ ಮೇಲೆ ತಾರೀಖು ಬರೆಯಿರಿ. ಮುಗಿದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿರಿ. ಪಕ್ಕದಲ್ಲೇ ಮನೆಯ ಹಿರಿಯರ ರಕ್ತದೊತ್ತಡದ ಅಂಕಿಯನ್ನೂ ಬರೆದಿಡಿರಿ. ಹತ್ತು ವಾರ ಕಳೆದ ಮೇಲೆ ಎರಡನ್ನೂ ಹೋಲಿಸಿ ನೋಡಿರಿ, ಆ ಹಾಳೆಯನ್ನು ವೈದ್ಯರಿಗೂ ತೋರಿಸಿರಿ.