ಗ್ಯಾಸ್ ಹಾಕಿಸುವ ಮುಂಚೆ

ತಮ್ಮಾ, ಹಳೇ ಗಾಡಿ ತಗೊಂಡದ್ದಕ್ಕೆ ನಾನು ಬೈಯುವುದಿಲ್ಲ. ತಿಕೋಟಾದಿಂದ ವಿಜಯಪುರಕ್ಕೆ ದಿನಾ ಹೋಗಿಬರುವವನಿಗೆ, ನಡುನಡುವೆ ಬಬಲೇಶ್ವರದ ಹೊಲಕ್ಕೂ ಓಡಬೇಕಾದವನಿಗೆ ಅದು ಸಾಕು. ಆದರೆ ಏಪ್ರಿಲ್ ಬಂತೆಂದರೆ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಆಗ ಏಸಿ ಕೈಕೊಟ್ಟರೆ ಎಲ್ಲರ ಬಾಯಲ್ಲೂ ಒಂದೇ ಮಾತು: ‘ಗ್ಯಾಸ್ ಖಾಲಿ ಆಗೇದ, ಹಾಕಿಸಿಬಿಡು.’ ಬಂಕಿಗೆ ಹೋಗಿ ಪೆಟ್ರೋಲ್ ಹಾಕಿಸಿದಂತೆ ಗ್ಯಾಸ್ ಹಾಕಿಸಿಕೊಂಡು ಬರುತ್ತಾರೆ. ಎರಡು ತಿಂಗಳಿಗೆ ಮತ್ತೆ ಅದೇ ಹಾಡು.

ಏಸಿಯ ಗ್ಯಾಸ್ ಖರ್ಚಾಗುವ ವಸ್ತುವಲ್ಲ. ಕಂಪ್ರೆಸರ್ ಅದನ್ನು ಒತ್ತಿ ಬಿಸಿ ಮಾಡುತ್ತದೆ, ರೇಡಿಯೇಟರಿನ ಮುಂದಿರುವ ಕಂಡೆನ್ಸರ್ ಆ ಬಿಸಿಯನ್ನು ಹೊರಗೆ ಚೆಲ್ಲುತ್ತದೆ, ಡ್ಯಾಶ್‌ಬೋರ್ಡಿನ ಒಳಗಿನ ಕೂಲಿಂಗ್ ಕಾಯಿಲ್‌ನಲ್ಲಿ ಅದು ಅರಳಿ ಥಂಡಿಯಾಗುತ್ತದೆ, ಮತ್ತೆ ಕಂಪ್ರೆಸರಿಗೇ ಬರುತ್ತದೆ. ಸುತ್ತುವುದಷ್ಟೇ ಅದರ ಕೆಲಸ. ರಬ್ಬರ್ ಪೈಪು, ಸೀಲುಗಳಿಂದ ವರ್ಷಕ್ಕೆ ಇಷ್ಟಿಷ್ಟು ಜಿನುಗುವುದು ಹಳೇ ಗಾಡಿಯಲ್ಲಿ ಸಹಜ. ಒಂದೇ ಬೇಸಿಗೆಯಲ್ಲಿ ಖಾಲಿಯಾಯಿತೆಂದರೆ ಮಾತ್ರ ಎಲ್ಲೋ ತೂತಿದೆ. ಎಷ್ಟೋ ಸಲ ಗ್ಯಾಸ್ ಪೂರ್ತಿ ಇರುತ್ತದೆ, ತಪ್ಪು ಬೇರೆ ಕಡೆ ಇರುತ್ತದೆ.

ಅದಕ್ಕೇ ಗ್ಯಾರೇಜಿಗೆ ಹೋಗುವ ಮುಂಚೆ ಏಸಿ ಎಲ್ಲಿ ಕೈಕೊಡುತ್ತದೆ ಅನ್ನುವುದನ್ನು ಗಮನಿಸು. ಅಥಣಿ ರಸ್ತೆಯಲ್ಲಿ ತೊರವಿ ದಾಟುವವರೆಗೂ ಚಲೋ ಥಂಡಿ, ಗಾಂಧಿ ಚೌಕದ ಗದ್ದಲದಲ್ಲಿ ನಿಂತ ಕೂಡಲೇ ಬಿಸಿ ಗಾಳಿ, ಗಾಡಿ ಸರಿದರೆ ಮತ್ತೆ ಥಂಡಿ. ಹೀಗಿದ್ದರೆ ಮೊದಲ ಅನುಮಾನ ಕಂಡೆನ್ಸರ್ ಫ್ಯಾನಿನ ಮೇಲೆ. ಓಡುವಾಗ ಎದುರುಗಾಳಿ ಮಾಡಿಕೊಡುತ್ತಿದ್ದ ಕೆಲಸವನ್ನು ನಿಂತಾಗ ಆ ಫ್ಯಾನು ಮಾಡಬೇಕು. ಬಾನೆಟ್ ಎತ್ತಿ, ಎಂಜಿನ್ ಚಾಲೂ ಇಟ್ಟು, ಏಸಿ ಹಚ್ಚಿ ನೋಡು. ಹೆಗಲ ಮೇಲಿನ ಟವೆಲ್ ಮೊದಲು ತೆಗೆದಿಡು, ಆ ಫ್ಯಾನು ಹೇಳಿಕೇಳಿ ತಿರುಗುವುದಿಲ್ಲ. ತಿರುಗದಿದ್ದರೆ ಫ್ಯೂಸ್ ನೋಡು, ಅದೇ ನಂಬರಿನ ಇನ್ನೊಂದು ರಿಲೇ ಹಾಕಿ ನೋಡು. ಕಟ್ಟಿಗೆಯಿಂದ ಮೋಟರಿನ ಬೆನ್ನಿಗೆ ಮೆಲ್ಲಗೆ ತಟ್ಟಿದಾಗ ಎದ್ದು ತಿರುಗಿತೆಂದರೆ ಒಳಗಿನ ಬ್ರಷ್ ಸವೆದಿದೆ ಎಂದು ತಿಳಿ.

ಫ್ಯಾನು ಸರಿಯಿದ್ದರೂ ನಮ್ಮ ಭಾಗದ ಗಾಡಿಗಳಿಗೆ ಇನ್ನೊಂದು ಕಾಟ ಇದೆ, ಧೂಳು. ಎರೆ ಮಣ್ಣಿನ ಧೂಳು ಹಿಟ್ಟಿನಷ್ಟು ಸಣ್ಣ. ಅದರ ಮೇಲೆ ದ್ರಾಕ್ಷಿ ತೋಟಗಳ ಔಷಧದ ತುಂತುರು, ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಹಾರುವ ರವದಿ, ಹೈವೇದ ಹುಳ. ಎಲ್ಲ ಸೇರಿ ಕಂಡೆನ್ಸರಿನ ತೆಳು ರೆಕ್ಕೆಗಳ ಸಂದಿಯಲ್ಲಿ ಗಿಲಾವಿನಂತೆ ಕೂರುತ್ತವೆ. ಕಂಡೆನ್ಸರಿಗೂ ರೇಡಿಯೇಟರಿಗೂ ನಡುವಿನ ಕಸ ಹೊರಗಿನಿಂದ ಕಾಣುವುದೂ ಇಲ್ಲ. ಎಂಜಿನ್ ಆರಿದ ಮೇಲೆ ಸಾದಾ ನಳದ ನೀರಿನಿಂದ, ಸಾಧ್ಯವಾದರೆ ಒಳಗಿನಿಂದ ಹೊರಕ್ಕೆ ತೊಳೆ. ವಾಷಿಂಗ್ ಸೆಂಟರಿನ ಜೋರು ಪಂಪು ಹೊಡೆಸಬೇಡ, ರೆಕ್ಕೆಗಳು ಮಲಗಿಬಿಡುತ್ತವೆ. ಅನುಮಾನ ಇದ್ದರೆ ಏಸಿ ಓಡುತ್ತಿರುವಾಗಲೇ ಕಂಡೆನ್ಸರಿನ ಮೇಲೆ ಒಂದಿಷ್ಟು ನೀರು ಚಿಮುಕಿಸು. ಒಳಗೆ ತಕ್ಷಣ ಥಂಡಿ ಹೆಚ್ಚಾದರೆ, ಬಿಸಿ ಹೊರಗೆ ಹೋಗಲು ದಾರಿ ಇಲ್ಲದೆ ಒದ್ದಾಡುತ್ತಿತ್ತು ಎಂದರ್ಥ.

ದೂರದ ಪ್ರಯಾಣದಲ್ಲಿ ಬೇರೆ ಲಕ್ಷಣ ಕಾಣಬಹುದು. ಸೊಲ್ಲಾಪುರಕ್ಕೆ ಹೊರಟೆ ಅನ್ನು. ಅರ್ಧ ದಾರಿಯವರೆಗೆ ಹಿತವಾದ ಗಾಳಿ, ಆಮೇಲೆ ಬ್ಲೋವರ್ ಬೊಬ್ಬೆ ಹೊಡೆದರೂ ಗಾಳಿ ಇಲ್ಲ. ಏಸಿ ಬಂದ್ ಮಾಡಿ ಬ್ಲೋವರ್ ಮಾತ್ರ ಹತ್ತು ನಿಮಿಷ ಓಡಿಸು. ಗಾಳಿ ತಿರುಗಿ ಬಂದು, ಗಾಡಿಯ ಕೆಳಗೆ ನೀರು ಜಾಸ್ತಿ ಸೋರಿದರೆ ಕಾಯಿಲ್ ಬರ್ಫಾಗಿತ್ತು ಎಂದು ತಿಳಿ. ಥರ್ಮೋಸ್ಟಾಟ್ ಕೆಟ್ಟಿರಬಹುದು, ಗ್ಯಾಸ್ ಕಡಿಮೆ ಇರಬಹುದು, ಆದರೆ ಮೊದಲು ಗ್ಲೋವ್‌ಬಾಕ್ಸಿನ ಹಿಂದಿನ ಫಿಲ್ಟರ್ ಎಳೆದು ನೋಡು. ಬೇವಿನ ಗಿಡದ ಕೆಳಗೆ ನಿಲ್ಲಿಸುವ ಗಾಡಿಯದು ಹೇಗಿರುತ್ತದೆ ಗೊತ್ತೇ? ಮಡಿಕೆ ಮಡಿಕೆಗೆ ಒಣಗಿದ ಬೇವಿನ ಎಲೆ, ಅದರ ಕೆಳಗೆ ಕಂಬಳಿಯ ದಪ್ಪಕ್ಕೆ ಬೂದು ಧೂಳು, ಮೂಲೆಯಲ್ಲಿ ಇಲಿ ತಂದಿಟ್ಟ ಹತ್ತಿಯ ಉಂಡೆ. ಎಷ್ಟೋ ಹಳೇ ಗಾಡಿಗಳಿಗೆ ಫಿಲ್ಟರೇ ಇಲ್ಲ. ಅಂಥದ್ದರಲ್ಲಿ ಆ ಕಸವೆಲ್ಲ ನೇರ ಕಾಯಿಲ್ ಮೇಲೆ, ಮುಗ್ಗಲು ವಾಸನೆಯೂ ಅಲ್ಲಿಂದಲೇ.

ಇನ್ನು ಕಂಪ್ರೆಸರ್. ಏಸಿ ಹಚ್ಚಿದಾಗ ‘ಟಕ್’ ಅನ್ನಬೇಕು, ಪುಲ್ಲಿಯ ನಡುವಿನ ಕ್ಲಚ್ ತಟ್ಟೆ ಪುಲ್ಲಿಯ ಜೊತೆಗೇ ತಿರುಗಬೇಕು. ಹಚ್ಚಿ ಆರಿ, ಹಚ್ಚಿ ಆರಿ ಗಡಿಬಿಡಿ ಮಾಡಿದರೆ ಗ್ಯಾಸ್ ಕಡಿಮೆ ಇರುವ ಸಾಧ್ಯತೆ ಹೆಚ್ಚು. ಬೆಳಿಗ್ಗೆ ಹಿಡಿದು, ಎಂಜಿನ್ ಕಾದ ಮೇಲೆ ಬಿಟ್ಟುಬಿಟ್ಟರೆ ಕ್ಲಚ್ಚಿನ ಸಂದಿ ಸವೆದು ಅಗಲವಾಗಿರಬಹುದು. ಆ ಸಂದಿ ಅರ್ಧ ಮಿಲಿಮೀಟರಿನ ಆಸುಪಾಸು ಇರಬೇಕು. ತಟ್ಟೆಯ ಹಿಂದಿನ ತೆಳು ವಾಷರ್ ಒಂದನ್ನು ತೆಗೆದರೆ ಎಷ್ಟೋ ಗಾಡಿಗಳಲ್ಲಿ ಕೆಲಸ ಮುಗಿಯುತ್ತದೆ. ಇದಕ್ಕೂ ‘ಕಂಪ್ರೆಸರ್ ಹೋಗೇದ್ರಿ’ ಅನ್ನುವವರು ಇದ್ದಾರೆ, ಕಿಸೆ ಭದ್ರ ಹಿಡಿದುಕೋ.

ಎಂಜಿನ್ನಿನಿಂದ ಒಳಗೆ ಹೋಗುವ ಅಲ್ಯೂಮಿನಿಯಂ ಪೈಪುಗಳಲ್ಲಿ ದಪ್ಪನೆಯದನ್ನು ಮುಟ್ಟಿ ನೋಡು. ಅದು ಬೆವರಿ ಥಂಡಿಯಾಗಿದ್ದೂ ಒಳಗೆ ಬಿಸಿ ಗಾಳಿ ಬಂದರೆ ಏಸಿ ಸರಿಯಾಗಿಯೇ ಇದೆ, ಹೀಟರಿನ ಬಾಗಿಲು ಅರ್ಧಕ್ಕೆ ಸಿಕ್ಕಿಕೊಂಡಿದೆ.

ಇಷ್ಟೆಲ್ಲ ನೋಡಿದ ಮೇಲೂ ಗ್ಯಾಸೇ ಕಡಿಮೆ ಅನ್ನಿಸಿದರೆ ಮಿಸ್ತ್ರಿಗೆ ‘ಗ್ಯಾಸ್ ಹಾಕ್ರಿ’ ಅನ್ನಬೇಡ, ‘ಲೀಕ್ ಹುಡುಕ್ರಿ’ ಅನ್ನು. ಪೈಪಿನ ಜೋಡಣೆಯಲ್ಲಿ ಎಣ್ಣೆಯ ಜಿಡ್ಡು, ಅದಕ್ಕೆ ಅಂಟಿದ ಧೂಳು ಕಂಡರೆ ಹೆಚ್ಚುಕಡಿಮೆ ಅಲ್ಲೇ. ನೈಟ್ರೋಜನ್ ತುಂಬಿ ಸೋಪಿನ ನೊರೆ ಹಚ್ಚಿದರೆ ಗುಳ್ಳೆ ಏಳುತ್ತದೆ. ಗಾಡಿ ಆರಿಸಿ ಗೇಜ್ ಹಾಕಿ ‘ಪ್ರೆಶರ್ ಐತಲ್ರಿ, ಗ್ಯಾಸ್ ಭರ್ತಿ ಐತಿ’ ಎಂದರೆ ನಂಬಬೇಡ. 40 ಡಿಗ್ರಿ ಧಗೆಯಲ್ಲಿ ಒಳಗೆ ಸ್ವಲ್ಪ ದ್ರವ ಉಳಿದಿದ್ದರೂ ಮುಳ್ಳು 130 ಪಿಎಸ್‌ಐ ಹತ್ತಿರವೇ ನಿಲ್ಲುತ್ತದೆ, ಪೂರ್ತಿ ತುಂಬಿದ್ದರೂ ಅಲ್ಲೇ.

ಲೀಕ್ ಮುಚ್ಚಿದ ಮೇಲೆ ತೇವ ಹೀರುವ ಡ್ರೈಯರ್ ಬದಲಿಸಿ, ಕನಿಷ್ಠ ಅರ್ಧ ತಾಸು ವ್ಯಾಕ್ಯೂಮ್ ಎಳೆಸು. ಪಂಪು ಬಂದ್ ಮಾಡಿದಾಗ ಮುಳ್ಳು ಅಲ್ಲಾಡದೆ ನಿಂತರೆ ಮಾತ್ರ ಮುಂದಿನ ಕೆಲಸ. ಗ್ಯಾಸನ್ನು ತಕ್ಕಡಿಯ ಮೇಲಿಟ್ಟು ಗ್ರಾಂ ಲೆಕ್ಕದಲ್ಲಿ ಹಾಕಬೇಕು. ಎಷ್ಟು ಎಂಬುದು ಬಾನೆಟ್ ಕೆಳಗಿನ ಚೀಟಿಯಲ್ಲಿರುತ್ತದೆ, ಸಣ್ಣ ಕಾರುಗಳಿಗೆ ಸುಮಾರು 400–500 ಗ್ರಾಂ. ಜಾಸ್ತಿ ತುಂಬಿದರೆ ಜಾಸ್ತಿ ಥಂಡಿ ಅನ್ನುವುದು ಸುಳ್ಳು, ಒತ್ತಡ ಏರಿ ಕಂಪ್ರೆಸರ್ ಸಾಯುತ್ತದೆ. ನಿನ್ನ ಗಾಡಿಗೆ ಆರ್-134ಎ. ಸೋವಿ ಸಿಗುತ್ತದೆಂದು ಅಡುಗೆ ಗ್ಯಾಸಿನ ಜಾತಿಯದನ್ನು ಹಾಕುತ್ತೇನೆಂದರೆ ಅಲ್ಲಿಂದ ಎದ್ದು ಬಾ. ಡ್ಯಾಶ್‌ಬೋರ್ಡಿನ ಒಳಗೆ ಬೆಂಕಿ ಹತ್ತುವ ವಸ್ತು ಇಟ್ಟುಕೊಂಡು ಹೆಂಡತಿ ಮಕ್ಕಳನ್ನು ಕೂರಿಸಬಾರದು. ಇರುವ ಗ್ಯಾಸನ್ನು ಫುಸ್ ಎಂದು ಗಾಳಿಗೆ ಬಿಡಲೂ ಬಿಡಬೇಡ. ಓಜೋನಿಗೆ ತೂತು ಮಾಡುವ ಹಳೇ ಆರ್-12 ಅನ್ನು 1987ರ ಮಾಂಟ್ರಿಯಲ್ ಒಪ್ಪಂದ ಓಡಿಸಿತು. ಈಗಿನದು ಓಜೋನ್ ಮುಟ್ಟುವುದಿಲ್ಲ, ಆದರೆ ಭೂಮಿ ಕಾಯಿಸುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 1,430 ಪಟ್ಟು ಜೋರು. ಬಿಸಿಲು ನಮಗೆ ಈಗಲೇ ಸಾಕಷ್ಟಿದೆ.

ಡ್ಯಾಶ್‌ಬೋರ್ಡ್ ಬಿಚ್ಚಬೇಕು, ಕಾಯಿಲ್ ಸೋರುತ್ತಿದೆ ಎಂದರೆ ಮಾತ್ರ ಸಾಕ್ಷಿ ಕೇಳು. ಗ್ಯಾಸಿನಲ್ಲಿ ಬಣ್ಣ ಬೆರೆಸಿ ಯುವಿ ಲೈಟ್ ಬಿಟ್ಟರೆ ಕಾಯಿಲ್‌ನಿಂದ ಬರುವ ನೀರಿನಲ್ಲೇ ಅದು ಹೊಳೆದೀತು. ಹಳೇ ಪ್ಲಾಸ್ಟಿಕ್ ಕ್ಲಿಪ್ಪುಗಳು ಒಮ್ಮೆ ಮುರಿದರೆ ಆಮೇಲೆ ಗಾಡಿ ಮಾರುವವರೆಗೂ ಗಡಗಡ. ಬಿಚ್ಚಲೇಬೇಕಾದರೆ ಕಾಯಿಲ್‌ಗೆ ಗ್ಯಾಸ್ ಬಿಡುವ ಎಕ್ಸ್‌ಪಾನ್ಶನ್ ವಾಲ್ವನ್ನೂ ಆಗಲೇ ಬದಲಿಸು, ಎರಡನೇ ಸಲ ಬಿಚ್ಚುವ ಕೂಲಿ ಉಳಿಯುತ್ತದೆ.

ಮತ್ತೊಂದು, ಡಿಸೆಂಬರಿನಲ್ಲೂ ವಾರಕ್ಕೊಮ್ಮೆ ಹತ್ತು ನಿಮಿಷ ಏಸಿ ಹಚ್ಚು. ಕಂಪ್ರೆಸರಿನ ಸೀಲಿಗೆ ಎಣ್ಣೆ ತಲುಪುವುದು ಗ್ಯಾಸ್ ಸುತ್ತಿದಾಗಲೇ, ತಿಂಗಳುಗಟ್ಟಲೆ ಸುಮ್ಮನಿದ್ದರೆ ಸೀಲ್ ಒಣಗಿ ಸೋರುತ್ತದೆ. ಚಳಿಗೆ ಮನೆಯವರು ಬೈದರೆ ಕಿಟಕಿ ಇಳಿಸಿಕೊಂಡು ಬಬಲೇಶ್ವರ ರಸ್ತೆಗೆ ಒಂದು ಸುತ್ತು ಹೋಗಿ ಬಾ.