ಅಡ್ಡ ಪರದೆ, ಉದ್ದ ಪರದೆ

ಬಳ್ಳಾರಿಯ ಬ್ರೂಸ್‌ಪೇಟೆಯ ನನ್ನ ಡಿಟಿಪಿ ಅಂಗಡಿಗೆ ಬರುವ ಕೆಲಸದಲ್ಲಿ ಮುಕ್ಕಾಲು ಪಾಲು ನೋಡಿ ಟೈಪ್ ಮಾಡುವುದೇ. ಸಿರುಗುಪ್ಪದವರು ಮದುವೆ ಕಾರ್ಡಿನ ಹಳೇ ಮಾದರಿ ಹಿಡಿದು ಬರುತ್ತಾರೆ. ಕುರುಗೋಡಿನಿಂದ ದೊಡ್ಡಬಸವೇಶ್ವರ ಜಾತ್ರೆಯ ಕರಪತ್ರ ಬರುತ್ತದೆ. ನಿವೃತ್ತ ಮೇಷ್ಟ್ರುಗಳು ಕೈಬರಹದ ನೋಟ್‌ಬುಕ್ ಕೊಟ್ಟು ಪುಸ್ತಕ ಮಾಡಿಕೊಡು ಅನ್ನುತ್ತಾರೆ. ಈಗ ಬಹಳಷ್ಟು ಮೂಲ ವಾಟ್ಸಾಪ್‌ನಲ್ಲಿ ಫೋಟೊ ಆಗಿಯೇ ಬರುವುದರಿಂದ, ಒಂದೇ ಪರದೆಯಲ್ಲಿ ಆ ಫೋಟೊವನ್ನೂ ಟೈಪ್ ಮಾಡುವ ಪುಟವನ್ನೂ ಹಿಂದೆ ಮುಂದೆ ಮಾಡುತ್ತಾ ಕೂರಬೇಕಿತ್ತು. ಹಾಗೆ ಮಾಡುವಾಗ ಕಣ್ಣು ಸಾಲು ತಪ್ಪುತ್ತದೆ, ವಧುವಿನ ಸೋದರಮಾವನ ಹೆಸರೇ ಬಿಟ್ಟುಹೋಗುತ್ತದೆ. ಸಾಲದ್ದಕ್ಕೆ ಎರಡು ಭಾಷೆಯ ಕೆಲಸ. 1953ರಲ್ಲಿ ಆದೋನಿ, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು, ಬಳ್ಳಾರಿ ಮೈಸೂರಿಗೆ ಸೇರಿತು. ನೆಂಟಸ್ತನ ಮಾತ್ರ ಗಡಿಯ ಎರಡೂ ಕಡೆ ಹಾಗೇ ಇದೆ. ಹಾಗಾಗಿ ಒಂದೇ ಮದುವೆಗೆ ತೆಲುಗು ಕಾರ್ಡೂ ಬೇಕು, ಕನ್ನಡ ಕಾರ್ಡೂ ಬೇಕು. ಎರಡನ್ನೂ ಅಕ್ಕಪಕ್ಕ ಇಟ್ಟು ತಾಳೆ ನೋಡದಿದ್ದರೆ ಮುಹೂರ್ತದ ಗಳಿಗೆಯೇ ಬೇರೆ ಬೇರೆಯಾದೀತು.

ವಿಂಡೋಸ್ 7ಕ್ಕೆ 2020ರ ಜನವರಿಯಲ್ಲಿ ಬೆಂಬಲ ನಿಂತಾಗ ನನ್ನ ಹಳೇ ಯಂತ್ರಕ್ಕೆ ಲಿನಕ್ಸ್ ಮಿಂಟ್ ಹಾಕಿದೆ. ಆಮೇಲೆ ಎರಡನೇ ಮಾನಿಟರ್ ಕೊಂಡೆ. ಲಿನಕ್ಸ್‌ನಲ್ಲಿ ಎರಡು ಪರದೆ ಓಡಿಸುವುದು ಕಷ್ಟ ಎಂದು ಹೇಳುವವರು ಈಗಲೂ ಇದ್ದಾರೆ. 2007ರ ಸುಮಾರಿಗೆ, ಲಿನಕ್ಸ್‌ನಲ್ಲಿ ಪರದೆ ನಡೆಸುವ ಎಕ್ಸ್ ವ್ಯವಸ್ಥೆಗೆ ರ‍್ಯಾಂಡರ್ 1.2 ಬರುವ ಮೊದಲು ಆ ಮಾತು ನಿಜವಿತ್ತು, ಸಂರಚನಾ ಕಡತವನ್ನು ಕೈಯಾರೆ ತಿದ್ದಬೇಕಿತ್ತು. ಈಗ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಎರಡು ಚೌಕ ಕಾಣುತ್ತವೆ, ಎಳೆದು ಎಲ್ಲಿ ಬೇಕೋ ಅಲ್ಲಿ ಇಟ್ಟರೆ ಮುಗಿಯಿತು. ನನಗೆ ಎದುರಾದ ತೊಡಕುಗಳಲ್ಲಿ ಹೆಚ್ಚಿನವು ಲಿನಕ್ಸ್‌ನವಲ್ಲ, ವೈರಿನವು.

ಹೊಸ ಮಾನಿಟರ್ ಪೂರ್ಣ ಎಚ್‌ಡಿ. ಆದರೆ ವಿಜಿಎ ಕೇಬಲ್ ಸಿಕ್ಕಿಸಿದಾಗ ಸೆಟ್ಟಿಂಗ್‌ನಲ್ಲಿ 1024×768ಕ್ಕಿಂತ ಮೇಲೆ ಏನೂ ಬರಲಿಲ್ಲ. ಅಕ್ಷರಗಳು ಅಗಲಕ್ಕೆ ಎಳೆದಂತೆ, ಮಸುಕು ಮಸುಕು. ಟರ್ಮಿನಲ್ ತೆರೆದು ಎಕ್ಸ್‌ರ‍್ಯಾಂಡರ್ ಆಜ್ಞೆ ಕೊಟ್ಟರೆ ಯಾವ ಪೋರ್ಟಿನಲ್ಲಿ ಏನಿದೆ ಎಂಬ ಪಟ್ಟಿ ಬರುತ್ತದೆ. ಈಗ ನಡೆಯುತ್ತಿರುವ ಅಳತೆಯ ಮುಂದೆ ನಕ್ಷತ್ರ, ಮಾನಿಟರ್ ತಾನೇ ಬಯಸುವ ಅಳತೆಯ ಮುಂದೆ ಕೂಡುವ ಚಿಹ್ನೆ. ನನ್ನ ಪಟ್ಟಿಯಲ್ಲಿ ಮಾನಿಟರ್ 'ಕನೆಕ್ಟೆಡ್' ಎಂದಿತ್ತು, ಕೂಡುವ ಚಿಹ್ನೆ ಇರಲಿಲ್ಲ. ಅಂದರೆ ಪರದೆ ಬೆಳಗುತ್ತಿದೆ, ಆದರೆ ತಾನು ಯಾವುದು ಎಂದು ಯಂತ್ರಕ್ಕೆ ಹೇಳುತ್ತಿಲ್ಲ.

ಪ್ರತಿ ಮಾನಿಟರಿನೊಳಗೂ ಕನಿಷ್ಠ 128 ಬೈಟಿನ ಒಂದು ಪುಟ್ಟ ಗುರುತಿನ ಚೀಟಿ ಇರುತ್ತದೆ. ಅದಕ್ಕೆ ಇಡಿಐಡಿ ಎನ್ನುತ್ತಾರೆ. ತಯಾರಕರು ಯಾರು, ಯಾವ ಯಾವ ಅಳತೆ ತೋರಿಸಬಲ್ಲದು ಎಂಬುದೆಲ್ಲ ಅದರಲ್ಲಿದೆ. ವಿಜಿಎ ಕೇಬಲ್‌ನಲ್ಲಿ ಈ ಮಾಹಿತಿ ಸಾಗುವುದು 12 ಮತ್ತು 15ನೇ ಪಿನ್ನುಗಳಲ್ಲಿ. ಕೇಬಲಿನ ತುದಿಯನ್ನು ಬೆಳಕಿಗೆ ಹಿಡಿದು ಎಣಿಸಿದೆ. ಅಗ್ಗದ ಆ ಕೇಬಲ್‌ನಲ್ಲಿ 12ನೆಯದು ಇರಲೇ ಇಲ್ಲ. (9ನೇ ಪಿನ್ನು ಅನೇಕ ಕೇಬಲ್‌ಗಳಲ್ಲಿ ಇರುವುದಿಲ್ಲ, ಅದಕ್ಕೆ ಗಾಬರಿ ಬೇಡ.) ಕೇಬಲ್ ಬದಲಿಸದೆಯೂ, ಸಿವಿಟಿ ಎಂಬ ಆಜ್ಞೆಯಿಂದ 1920×1080ರ ಲೆಕ್ಕ ತೆಗೆದು, ಅದನ್ನು ಎಕ್ಸ್‌ರ‍್ಯಾಂಡರ್‌ಗೆ ಹೊಸ ಮೋಡ್ ಎಂದು ಸೇರಿಸಿದರೆ ಪರದೆ ಸರಿಹೋಗುತ್ತದೆ. ಆದರೆ ಯಂತ್ರ ಮತ್ತೆ ಶುರುವಾದಾಗ ಅಳಿಸಿಹೋಗುತ್ತದೆ, ಪ್ರತಿಸಲವೂ ಓಡುವಂತೆ ಬರೆದಿಡಬೇಕು. ಅಷ್ಟು ಪಡಿಪಾಟಲಿಗಿಂತ ಒಳ್ಳೇ ಕೇಬಲ್ ತರುವುದೇ ಮೇಲು. ನಾನು ಅದನ್ನೇ ಮಾಡಿದೆ. ಎಚ್‌ಡಿಎಂಐ ಪೋರ್ಟಿನಿಂದ ವಿಜಿಎ ಮಾನಿಟರಿಗೆ ಹೋಗುವವರಿಗೂ ಒಂದು ಮಾತು: ಮೊದಲನೆಯದು ಡಿಜಿಟಲ್, ಎರಡನೆಯದು ಅನಲಾಗ್. ಒಳಗೆ ಚಿಪ್ ಇರುವ ಪರಿವರ್ತಕವೇ ಬೇಕು, ಬರೀ ತಂತಿ ಜೋಡಿಸಿದ್ದು ನಡೆಯದು.

ಗ್ರಾಫಿಕ್ಸ್ ಕಾರ್ಡ್ ಬೇರೆ ಇದ್ದವರು ಒಂದು ಮಾನಿಟರನ್ನು ಕಾರ್ಡಿಗೂ ಇನ್ನೊಂದನ್ನು ಮದರ್‌ಬೋರ್ಡಿಗೂ ಸಿಕ್ಕಿಸಿದರೆ ಎಷ್ಟೋ ಯಂತ್ರಗಳಲ್ಲಿ ಎರಡನೆಯದು ಕಪ್ಪಾಗಿಯೇ ಇರುತ್ತದೆ. ಬಯೋಸ್‌ನಲ್ಲಿ ಒಳಗಿನ ಗ್ರಾಫಿಕ್ಸನ್ನೂ ಚಾಲೂ ಇಡುವ ಆಯ್ಕೆ ಇರುತ್ತದೆ, ಅದನ್ನು ನೋಡಿ. ಎರಡನ್ನೂ ಕಾರ್ಡಿಗೇ ಸಿಕ್ಕಿಸಿದರೆ ಇನ್ನೂ ನೆಮ್ಮದಿ.

ನನಗೆ ನಿಜವಾಗಿ ಕೆಲಸ ಬದಲಾದದ್ದು ಎರಡನೇ ಮಾನಿಟರನ್ನು ನೆಟ್ಟಗೆ ನಿಲ್ಲಿಸಿದ ಮೇಲೆ. ಪುಸ್ತಕದ ಪುಟ ಉದ್ದ, ಪರದೆ ಅಡ್ಡ. ಮಾನಿಟರನ್ನು ತಿರುಗಿಸಿ ನಿಲ್ಲಿಸಿ, ಸೆಟ್ಟಿಂಗ್‌ನಲ್ಲಿ ರೊಟೇಷನ್ ಬದಲಿಸಿದರೆ ಮೇಷ್ಟ್ರ ಇಡೀ ಪುಟ ಮೇಲಿಂದ ಕೆಳಗೆ ಒಂದೇ ನೋಟಕ್ಕೆ ಸಿಗುತ್ತದೆ. ಅಗ್ಗದ ಸ್ಟ್ಯಾಂಡುಗಳು ತಿರುಗುವುದಿಲ್ಲ. ಹಿಂಬದಿಯಲ್ಲಿ 75 ಅಥವಾ 100 ಮಿಲಿಮೀಟರ್ ಅಂತರದ ನಾಲ್ಕು ತೂತು ಇದ್ದರೆ ಗೋಡೆಗೋ ಟೇಬಲ್ಲಿಗೋ ಮಾನಿಟರ್ ಹಿಡಿಯುವ ಆರ್ಮ್ ಜೋಡಿಸಿ ತಿರುಗಿಸಬಹುದು. ಟಿಎನ್ ಎಂಬ ಬಗೆಯ ಪ್ಯಾನಲ್ ಮಾತ್ರ ಹೀಗೆ ನಿಲ್ಲಿಸಬೇಡಿ. ಮೇಲಿಂದ ಕೆಳಗಿಂದ ನೋಡಿದರೆ ಬಣ್ಣ ಕೆಡುವ ಅದರ ಗುಣ, ತಿರುಗಿಸಿದಾಗ ಎಡಬಲಕ್ಕೆ ಬಂದು, ತಲೆ ಸ್ವಲ್ಪ ಆಡಿಸಿದರೂ ಪುಟ ಬೇರೆ ಬೇರೆಯಾಗಿ ಕಾಣುತ್ತದೆ. ಐಪಿಎಸ್ ಪ್ಯಾನಲ್ ತಗೊಳ್ಳಿ.

ನಿಲ್ಲಿಸಿದ ಪರದೆಯಲ್ಲಿ ಇನ್ನೊಂದು ಕಂಡಿತು. ಒತ್ತಕ್ಷರಗಳ ಅಂಚಿಗೆ ಕೆಂಪು, ನೀಲಿ ಬಣ್ಣ ಅಂಟಿದಂತೆ. 'ಸ್ತ್ರೀ' ಎಂದು ಬರೆದರೆ ಕೆಳಗಿನ ಒತ್ತುಗಳೇ ಕಲಸಿಕೊಂಡವು. ಕಾರಣ ಸರಳ. ಪರದೆಯ ಪ್ರತಿ ಚುಕ್ಕಿಯೊಳಗೂ ಕೆಂಪು, ಹಸಿರು, ನೀಲಿ ಪಟ್ಟಿಗಳು ಎಡದಿಂದ ಬಲಕ್ಕೆ ಇವೆ ಎಂದು ನಂಬಿ ಲಿನಕ್ಸ್ ಅಕ್ಷರದ ಅಂಚನ್ನು ನುಣುಪು ಮಾಡುತ್ತದೆ. ಮಾನಿಟರ್ ತಿರುಗಿದಾಗ ಆ ಪಟ್ಟಿಗಳು ಮೇಲಿಂದ ಕೆಳಕ್ಕೆ ಬಂದವು. ಮಿಂಟ್‌ನ ಫಾಂಟ್ ಸೆಟ್ಟಿಂಗ್‌ನಲ್ಲಿ ಆ್ಯಂಟಿಅಲಿಯಾಸಿಂಗ್ ಎಂಬಲ್ಲಿ ಆರ್‌ಜಿಬಿಎ ಬದಲು ಗ್ರೇಸ್ಕೇಲ್ ಆರಿಸಿದೆ. ಇದು ಎರಡೂ ಪರದೆಗೆ ಒಟ್ಟಿಗೇ ಅನ್ವಯಿಸುತ್ತದೆ. ಅಡ್ಡ ಪರದೆಯ ಅಕ್ಷರ ಎಳ್ಳಷ್ಟು ಮೆದುವಾಯಿತು, ಉದ್ದ ಪರದೆಯ ಒತ್ತು ಸ್ಪಷ್ಟವಾಯಿತು. ಇಂಗ್ಲಿಷ್ ಓದುವವರಿಗೆ ಇದು ಸಣ್ಣ ಸಂಗತಿ ಅನ್ನಿಸಬಹುದು. ಕನ್ನಡ ಕರಡು ತಿದ್ದುವವನಿಗೆ ಒತ್ತು ಕಾಣದಿದ್ದರೆ ತಪ್ಪೇ ಕಾಣುವುದಿಲ್ಲ.

ಜೋಡಿಸುವಾಗ ಎರಡು ಚೌಕಗಳನ್ನು ಟೇಬಲ್ಲಿನ ಮೇಲೆ ಇರುವ ಹಾಗೇ ಇಡಬೇಕು. ಒಂದರ ಎತ್ತರ 1920, ಇನ್ನೊಂದರದು 1080. ಎರಡೂ ತಾಗದ ಅಂಚಿನಲ್ಲಿ ಮೌಸ್ ಗೋಡೆಗೆ ಬಡಿದಂತೆ ನಿಂತುಬಿಡುತ್ತದೆ. ಟೈಪ್ ಮಾಡುವ ಪರದೆಯನ್ನು ಪ್ರೈಮರಿ ಮಾಡಿ ನೇರ ಎದುರಿಗೆ, ಮೂಲ ಇರುವುದನ್ನು ಪಕ್ಕಕ್ಕೆ ಓರೆಯಾಗಿ ಇಟ್ಟಿದ್ದೇನೆ. ಕುತ್ತಿಗೆ ನೋವಿಗೆ ಇದಕ್ಕಿಂತ ಒಳ್ಳೇ ಮದ್ದಿಲ್ಲ.

ಹಿರಿಯರೊಬ್ಬರು ಮೊದಲ ಸಲ ನೋಡಿ, "ಏನಪ್ಪಾ, ಒಂದು ಸಾಲದಂಗೆ ಎರಡೆರಡು ಟಿವಿ ಇಟ್ಕಂಡು ಕುಂತೀಯಲ್ಲ" ಅಂದರು. ಈಗ ಅವರೇ ಉದ್ದ ಪರದೆಯ ಮುಂದೆ ಕುರ್ಚಿ ಎಳೆದುಕೊಂಡು ತಮ್ಮ ಕೈಬರಹ ಓದುತ್ತಾರೆ, ನಾನು ಅಡ್ಡ ಪರದೆಯಲ್ಲಿ ತಿದ್ದುತ್ತಾ ಹೋಗುತ್ತೇನೆ. ಪ್ರಿಂಟ್ ತೆಗೆದು, ಕೆಂಪು ಪೆನ್ನಲ್ಲಿ ಗುರುತು ಹಾಕಿ, ಮತ್ತೆ ತೆಗೆಯುವ ಕಾಗದದ ಖರ್ಚು ಬಹಳ ಕಡಿಮೆಯಾಗಿದೆ.

ಕರೆಂಟಿನ ವಿಷಯ ಒಂದು ಬಾಕಿ. ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತದೆ, ಕರೆಂಟು ಹೋಗುತ್ತಾ ಬರುತ್ತಾ ಇರುತ್ತದೆ. ಎರಡನೇ ಮಾನಿಟರನ್ನು ಯುಪಿಎಸ್‌ನಿಂದ ಹೊರಗಿಟ್ಟರೆ, ಅದು ಆರಿದ ಕೂಡಲೇ ಕೆಲವು ಮಾನಿಟರುಗಳಲ್ಲಿ ಯಂತ್ರ ಅದನ್ನು ಕಿತ್ತುಹಾಕಿದಂತೆ ತಿಳಿಯುತ್ತದೆ, ತೆರೆದ ಕಿಟಕಿಗಳೆಲ್ಲ ಇನ್ನೊಂದು ಪರದೆಗೆ ಬಂದು ಗುಡ್ಡೆಯಾಗುತ್ತವೆ. ಡಿಸ್‌ಪ್ಲೇಪೋರ್ಟ್‌ನಲ್ಲಿ ಇದು ಜಾಸ್ತಿ. ಎಲ್‌ಇಡಿ ಮಾನಿಟರ್ ಎಳೆಯುವ ಕರೆಂಟು ಕಡಿಮೆಯೇ. ಲೆಕ್ಕ ಹಾಕಿ ಎರಡನ್ನೂ ಒಂದೇ ಯುಪಿಎಸ್‌ಗೆ ಕೊಡಿ, ಲೇಸರ್ ಪ್ರಿಂಟರನ್ನು ಮಾತ್ರ ಅದಕ್ಕೆ ಸೇರಿಸಬೇಡಿ.